ಎಳೆಗಳ ದಿಕ್ಕು, ವಸ್ತುವಿನ ಬಲ

ಒಗ್ಗಟ್ಟಿನಲ್ಲಿ ಬಲವಿದೆ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಒಗ್ಗೂಡಿದವರು ಒಂದೇ ದಿಕ್ಕಿಗೆ ಎಳೆಯದಿದ್ದರೆ ತೇರು ಮುಂದೆ ಸಾಗದು. ವಸ್ತುಗಳ ಲೋಕದಲ್ಲಿಯೂ ಹೀಗೆಯೇ. ಒಂದು ದಾರ ಎಷ್ಟು ಭಾರ ತಡೆಯಬಲ್ಲದೆಂಬುದು ಅದು ಯಾವ ವಸ್ತುವಿನಿಂದ ಆಗಿದೆ ಎಂಬುದನ್ನಷ್ಟೇ ಅಲ್ಲದೆ, ಆ ವಸ್ತುವಿನ ಅಣುಗಳು ಯಾವ ದಿಕ್ಕಿಗೆ ಸಾಲುಗೊಂಡಿವೆ ಎಂಬುದನ್ನೂ ಅವಲಂಬಿಸಿದೆ. ಗಾಯಕ್ಕೆ ಹಾಕುವ ಹೊಲಿಗೆಯ ದಾರಕ್ಕೂ ನಮ್ಮ ಮೈಯೊಳಗಿನ ಸ್ನಾಯುರಜ್ಜುವಿಗೂ ಈ ಮಾತು ಸಮಾನವಾಗಿ ಸಲ್ಲುತ್ತದೆ.

ಪ್ಲಾಸ್ಟಿಕ್, ನೈಲಾನ್, ರೇಷ್ಮೆ, ಹತ್ತಿ ಇವೆಲ್ಲವೂ ಪಾಲಿಮರ್ ವರ್ಗಕ್ಕೆ ಸೇರಿದವು. ಸಣ್ಣ ಘಟಕಗಳು ಕೊಂಡಿಗಳಂತೆ ಸೇರಿ ಆದ ಬಹು ಉದ್ದದ ಸರಪಳಿಗಳೇ ಇವುಗಳ ಅಣುಗಳೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಹೆರ್ಮನ್ ಸ್ಟೌಡಿಂಗರ್ 1920ರಲ್ಲಿ ಪ್ರತಿಪಾದಿಸಿದರು. ಮೊದಲು ಹಲವರು ಒಪ್ಪದಿದ್ದ ಈ ವಿಚಾರವು ಕ್ರಮೇಣ ಸ್ಥಿರಪಟ್ಟು, 1953ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಒಂದೇ ಸರಪಳಿಯ ಕೊಂಡಿಗಳ ನಡುವಣ ಬಂಧ ಬಲು ಬಿಗಿ. ಸರಪಳಿ ಸರಪಳಿಗಳ ನಡುವಣ ಸೆಳೆತವಾದರೋ ದುರ್ಬಲ. ಕರಗಿಸಿ ತಣಿಸಿದ ಪ್ಲಾಸ್ಟಿಕ್ಕಿನಲ್ಲಿ ಸರಪಳಿಗಳು ಸಿಕ್ಕುಬಿದ್ದ ನೂಲಿನಂತಿರುತ್ತವೆ. ಆಗ ಎಳೆದರೆ ಭಾರವು ಬಹುಮಟ್ಟಿಗೆ ದುರ್ಬಲ ಸೆಳೆತದ ಮೇಲೆ ಬಿದ್ದು ಸರಪಳಿಗಳು ಜಾರುತ್ತವೆ. ಅವು ಎಳೆತದ ದಿಕ್ಕಿಗೆ ಸಾಲುಗೊಂಡಿದ್ದರೆ ಭಾರವನ್ನು ಬಿಗಿಯಾದ ಬಂಧಗಳೇ ಹೊರುತ್ತವೆ.

ಅಮೆರಿಕದ ಡ್ಯೂಪಾಂಟ್ ಸಂಸ್ಥೆಯಲ್ಲಿ ವ್ಯಾಲೇಸ್ ಕರೋಥರ್ಸ್ ಅವರ ಸಹೋದ್ಯೋಗಿಯಾಗಿದ್ದ ಜೂಲಿಯನ್ ಹಿಲ್ 1930ರಲ್ಲಿ ಇದನ್ನು ಕಣ್ಣಾರೆ ಕಂಡರು. ಕರಗಿದ ಪಾಲಿಯೆಸ್ಟರಿನಿಂದ ಎತ್ತಿದ ಎಳೆಯನ್ನು ತಣಿದ ಬಳಿಕ ಮೂಲ ಉದ್ದದ ಹಲವು ಪಟ್ಟು ಎಳೆಯಬಹುದಾಗಿತ್ತು. ಎಳೆದಷ್ಟೂ ಅದು ಗಟ್ಟಿಯಾಯಿತು. 1935ರಲ್ಲಿ ಸಿದ್ಧವಾದ ನೈಲಾನಿಗೂ ಬಲ ತಂದಿತ್ತುದು ಈ ಎಳೆತವೇ. ಇಂದು ಶಸ್ತ್ರವೈದ್ಯರು ಬಳಸುವ ನೈಲಾನ್ ಹಾಗೂ ಪಾಲಿಪ್ರೊಪಿಲೀನ್ ಹೊಲಿಗೆ ದಾರಗಳು ಹೀಗೆ ಎಳೆದು ಬಲಪಡಿಸಿದಂಥವು. ಪೇಟೆಯ ತೆಳು ಚೀಲಗಳಾಗುವ ಪಾಲಿಎಥಿಲೀನನ್ನೇ ಇನ್ನೂ ಉದ್ದನೆಯ ಸರಪಳಿಗಳಾಗಿ ಮಾಡಿ ಒಂದೇ ದಿಕ್ಕಿಗೆ ಸಾಲುಗೊಳಿಸಿದರೆ, ಸಮತೂಕದ ಉಕ್ಕಿಗಿಂತ ಹಲವು ಪಟ್ಟು ಬಲವಾದ ಎಳೆ ದೊರೆಯುತ್ತದೆ.

ಆದರೆ ಈ ಬಲಕ್ಕೆ ಮಿತಿಯೂ ಉಂಟು. ಪಾರ್ಸೆಲ್ ಕಟ್ಟುವ ಚಪ್ಪಟೆ ಪ್ಲಾಸ್ಟಿಕ್ ಸುತಳಿಯನ್ನು ಕೈಯಿಂದ ಎಳೆದು ತುಂಡರಿಸುವುದು ಕಷ್ಟ; ಉಗುರಿನಿಂದ ಉದ್ದಕ್ಕೆ ಸೀಳುವುದು ಸುಲಭ. ಏಕೆಂದರೆ ಸಾಲುಗಳ ನಡುವೆ ಇರುವುದು ದುರ್ಬಲ ಸೆಳೆತ ಮಾತ್ರ. ಶಾಖವೂ ಈ ಸಾಲನ್ನು ಕೆಡಿಸುತ್ತದೆ. ಕುಡಿಯುವ ನೀರಿನ ತೆಳು ಬಾಟಲಿಯನ್ನು ಉದ್ದಕ್ಕೂ ಸುತ್ತಳತೆಗೂ ಹಿಗ್ಗಿಸಿ ತಯಾರಿಸಿರುತ್ತಾರೆ. ಅದಕ್ಕೆ ಕುದಿಯುವ ನೀರು ಹೊಯ್ದರೆ ಸರಪಳಿಗಳು ಮತ್ತೆ ಸುರುಳಿಗೊಂಡು ಬಾಟಲಿ ಮುರುಟಿಕೊಳ್ಳುತ್ತದೆ.

ಮಾನವ ದೇಹದಲ್ಲಿ ಇದೇ ಕೆಲಸವನ್ನು ಕೊಲಾಜೆನ್ ಎಂಬ ಪಾಲಿಮರ್ ನಡೆಸುತ್ತದೆ. ಅದರ ಅಣು ಮೂರು ಎಳೆಗಳನ್ನು ಹೊಸೆದ ಹಗ್ಗದಂತಿದೆ. ಚರ್ಮವು ಎಲ್ಲ ಕಡೆಗಳಿಂದಲೂ ಎಳೆತಕ್ಕೆ ಸಿಗುವುದರಿಂದ ಅಲ್ಲಿ ಕೊಲಾಜೆನ್ ನಾರುಗಳು ಬಲೆಯಂತೆ ಹಲವು ದಿಕ್ಕಿಗೆ ಹರಡಿವೆ. ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಿನಲ್ಲಿ ಅವು ಒಂದರ ಪಕ್ಕ ಒಂದು ಸಮಾನಾಂತರವಾಗಿವೆ. ಹಿಮ್ಮಡಿಯ ಮೇಲಿನ ರಜ್ಜು ಓಡುವಾಗ ದೇಹದ ತೂಕದ ಹಲವು ಪಟ್ಟು ಎಳೆತವನ್ನು ತಾಳುವುದು ಈ ಜೋಡಣೆಯಿಂದಲೇ.

ರಜ್ಜು ಹರಿದು ಕೂಡಿಕೊಳ್ಳುವಾಗ ಹೊಸ ಕೊಲಾಜೆನ್ ಮೊದಲಿಗೆ ಅಡ್ಡಾದಿಡ್ಡಿಯಾಗಿ ಬೆಳೆಯುತ್ತದೆ. ಆಗ ನೋವು ಕಡಿಮೆಯಾಗಿದ್ದರೂ ಬಲ ಬಂದಿರುವುದಿಲ್ಲ. ಅವಸರದಿಂದ ಭಾರ ಹೊರಿಸಿದರೆ ಅದು ಮತ್ತೆ ಹರಿಯಬಹುದು. ಹಾಗೆಂದು ಅಲುಗಾಡಿಸದೆ ಬಹುಕಾಲ ಇರಿಸಿದರೆ ನಾರುಗಳಿಗೆ ದಿಕ್ಕು ತೋರುವ ಎಳೆತವೇ ಇಲ್ಲದಂತಾಗಿ, ರಜ್ಜು ಬಿಗಿತುಕೊಂಡು ದುರ್ಬಲವಾಗಿಯೇ ಉಳಿಯುತ್ತದೆ. ವೈದ್ಯರ ಸೂಚನೆಯಂತೆ ಮಿತವಾಗಿ ಆರಂಭಿಸಿ ಕ್ರಮೇಣ ಹೆಚ್ಚಿಸುವ ವ್ಯಾಯಾಮವು ತಿಂಗಳುಗಟ್ಟಲೆ ನಡೆದಾಗ ನಾರುಗಳು ಎಳೆತದ ದಿಕ್ಕಿಗೆ ಸಾಲುಗೊಳ್ಳತೊಡಗುತ್ತವೆ.

ಲೋಕಲ್ ರೈಲು, ಬಸ್ಸುಗಳ ಧಾವಂತದಲ್ಲಿ ದಿನ ಕಳೆಯುವ ನಗರವಾಸಿಗಳಲ್ಲಿ ಅನೇಕರು ನೋವು ನಿಂತೊಡನೆ ಇಂಥ ವ್ಯಾಯಾಮವನ್ನು ಕೈಬಿಡುವುದುಂಟು. ನೋವು ನಿಂತಿತೆಂದರೆ ಗಾಯ ಕೂಡಿತೆಂದಷ್ಟೇ ಅರ್ಥ. ಎಳೆಗಳು ಸಾಲುಗೊಳ್ಳುವ ಕೆಲಸ ಆಗಿನ್ನೂ ನಡೆಯುತ್ತಲೇ ಇರುತ್ತದೆ.