ಅಂಗಡಿಗೆ ಬಂದ ಪುಟ್ಟ ಯಜಮಾನರು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ನಮ್ಮ ಹಿರಿಯರು, ಹಳೆಯ ಮನೆಯನ್ನು ದುರಸ್ತಿ ಮಾಡಿಸುವ ವಿಚಾರದಲ್ಲಿ ಏಕೆ ಮೌನ ತಾಳಿದರೋ ತಿಳಿಯದು. ಹೊಸದಾಗಿ ಕಟ್ಟುವವನು ಬಯಲಿನಲ್ಲಿ ನಿಂತು ಕಟ್ಟಿಸುತ್ತಾನೆ. ದುರಸ್ತಿ ಮಾಡಿಸುವವನಾದರೋ ಉಣ್ಣುವ ಮನೆಯನ್ನೇ ಒಡೆಸಿ, ಆ ಧೂಳಿನಲ್ಲಿಯೇ ಮಲಗಿ ಏಳಬೇಕು. ಅದಕ್ಕೆ ಬೇಕಾದ ಸಾಮಾನು ತರಲು ಏಳು ವರ್ಷದ ಮಗಳನ್ನು ಒಂದು ಕೈಯಲ್ಲಿ, ನಾಲ್ಕು ವರ್ಷದ ಮಗನನ್ನು ಇನ್ನೊಂದು ಕೈಯಲ್ಲಿ ಹಿಡಿದು ಪೇಟೆಗೆ ಹೊರಡುವ ಗೃಹಸ್ಥನ ಪಾಡಿಗೆ ಯಾವ ಗಾದೆಯೂ ಹುಟ್ಟಿದಂತಿಲ್ಲ.

ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಬಾರದೇಕೆ ಎಂದು ವಾಚಕರು ಕೇಳಬಹುದು. ನೆಲ ಅಗೆದು ಹಾಕಿದ ಮನೆಯಲ್ಲಿ ಬಿಡುವುದೆಲ್ಲಿ? ಅಜ್ಜ ಅಜ್ಜಿಯರು ಊರಿನಲ್ಲಿ. ತಂದೆ ತಾಯಿ ಇಬ್ಬರೂ ಉದ್ಯೋಗಸ್ಥರು. ಪೇಟೆಯ ಬಹಳಷ್ಟು ಅಂಗಡಿಗಳು ಭಾನುವಾರ ಬಾಗಿಲು ಹಾಕಿರುತ್ತವೆ. ಹೀಗಾಗಿ ಶನಿವಾರ ಮಧ್ಯಾಹ್ನ ಬೆಂಗಳೂರಿನ ಸಿಲ್ವರ್ ಜೂಬಿಲಿ ಪಾರ್ಕ್ ರಸ್ತೆಯಲ್ಲಿಯೋ, ಜೆ.ಸಿ. ರಸ್ತೆಯಲ್ಲಿಯೋ ಸಂಸಾರ ಸಮೇತರಾಗಿ ಅಲೆಯುವವರು ನಾವೊಬ್ಬರೇ ಅಲ್ಲ.

ಮಕ್ಕಳ ಕಣ್ಣಿಗೆ ಆ ಬೀದಿ ಒಂದು ಜಾತ್ರೆ. ತೂಗುಬಿದ್ದ ಸರಪಳಿಗಳು, ಸುರುಳಿ ಸುತ್ತಿದ ಹಗ್ಗಗಳು, ತಕ್ಕಡಿಯಲ್ಲಿ ತರಕಾರಿಯಂತೆ ತೂಗಿಕೊಡುವ ಮೊಳೆಗಳು! 'ಮುಟ್ಟಬೇಡ' ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುವುದಕ್ಕಿಂತ ಅವರಿಗೊಂದು ಅಧಿಕಾರ ಕೊಡುವುದು ಲೇಸು. ನಮ್ಮ ಮನೆಯಲ್ಲಿ ಅಳತೆಯ ಪಟ್ಟಿ ಮಗಳ ಪಾಲಿಗೆ, ಸಾಮಾನಿನ ಚೀಟಿ ಮಗನ ಪಾಲಿಗೆ ಬಂದಿತು. ಚೀಟಿಯನ್ನು ಓದಲು ಅವನಿಗೆ ಬಾರದೆಂಬುದು ನಿಜ. ಆದರೆ ಅದನ್ನು ಅವನು ಹಿಡಿದುಕೊಂಡ ಗಾಂಭೀರ್ಯವನ್ನು ಕಂಡು ಅಂಗಡಿಯವರು ಅವನೊಡನೆಯೇ ವ್ಯವಹಾರಕ್ಕೆ ನಿಂತರು. ಹೊರಡುವ ಮುನ್ನ ಹೊಟ್ಟೆ ತುಂಬಿರಬೇಕು, ಒಂದು ದಿನಕ್ಕೆ ಮೂರು ಅಂಗಡಿಗಳಿಗಿಂತ ಹೆಚ್ಚು ಹತ್ತಬಾರದು ಎಂಬ ಎರಡು ನಿಯಮಗಳನ್ನು ನನ್ನ ಹೆಂಡತಿ ವಿಧಿಸಿದ್ದಳು. ಮೂರನೆಯ ಅಂಗಡಿಯ ಮೆಟ್ಟಿಲಿಳಿಯುವ ಹೊತ್ತಿಗೆ ಅವಳ ದೂರದೃಷ್ಟಿ ಎಲ್ಲರಿಗೂ ಮನವರಿಕೆಯಾಗಿತ್ತು.

ನೆಲದ ಬಿಲ್ಲೆಗಳ ಅಂಗಡಿಯಲ್ಲಿ ಗಣಿತದ ಪಾಠ ತಾನಾಗಿಯೇ ನಡೆಯಿತು. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ, ಎಂದರೆ ೧೨೦ ಚದರಡಿ. ಎರಡಡಿಗೆ ಎರಡಡಿಯ ಬಿಲ್ಲೆಯೊಂದು ೪ ಚದರಡಿಯನ್ನು ಮುಚ್ಚುತ್ತದೆ, ಬೇಕಾದುವು ೩೦. ಕತ್ತರಿಸುವಾಗ ಒಡೆಯುವುದಕ್ಕೆಂದು ನೂರಕ್ಕೆ ಹತ್ತರಂತೆ ಸೇರಿಸಿದರೆ ೩೩. ಈ ಹೆಚ್ಚಿನ ಮೂರನ್ನು ಆಗಲೇ ಕೊಳ್ಳುವುದು ಮೇಲು; ಒಂದು ಸಲ ಸುಟ್ಟ ಬಿಲ್ಲೆಯ ಛಾಯೆ ಇನ್ನೊಂದು ಸಲದ್ದಕ್ಕೆ ಪೂರಾ ಹೊಂದುವುದು ಅಪರೂಪ. ಮಗಳು ಬೆರಳೆಣಿಸುತ್ತಿರುವಾಗ ಮಗ ಚಪ್ಪಲಿ ಕಳಚಿ, ಕನ್ನಡಿಯಂತೆ ಹೊಳೆಯುವ ಬಿಲ್ಲೆಯೊಂದರ ಮೇಲೆ ಜಾರುವ ಆಟ ಹೂಡಿದ್ದನು. ಅಂಗಡಿಯ ಹಿರಿಯರೊಬ್ಬರು ಗದರಿಸಲಿಲ್ಲ. ಎರಡು ಬಗೆಯ ಬಿಲ್ಲೆಗಳ ಮೇಲೆ ನೀರು ಚಿಮುಕಿಸಿ, ಅವನ ಕೈ ಹಿಡಿದು ಒಂದೊಂದರ ಮೇಲೂ ನಿಲ್ಲಿಸಿದರು. ಹೊಳಪಿನ ಬಿಲ್ಲೆಯ ಮೇಲೆ ಕಾಲು ಸರ್ರನೆ ಸರಿಯಿತು. ತರಿತರಿಯಾದುದರ ಮೇಲೆ ಕಚ್ಚಿ ನಿಂತಿತು. ಬಚ್ಚಲಮನೆಯ ನೆಲ ಅಲ್ಲಿಗೆ ತೀರ್ಮಾನವಾಯಿತು.

ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಸಾಕೆಟ್ಟಿನ ತೂತುಗಳೊಳಗೆ ಅದೇ ಮಗನ ಕಿರುಬೆರಳು ದಾರಿ ಹುಡುಕತೊಡಗಿತು. ಆಗ ನನಗೆ ಹೊಳೆದುದಿಷ್ಟು: ಹಿಂದಿನ ಮನೆಗಳಲ್ಲಿ ಸಾಕೆಟ್ಟುಗಳು ದೊಡ್ಡವರ ಎದೆಯ ಮಟ್ಟದಲ್ಲಿರುತ್ತಿದ್ದುವು, ಈಗ ಅನೇಕವು ನೆಲದಿಂದ ಒಂದಡಿ ಎತ್ತರದಲ್ಲಿವೆ, ಎಂದರೆ ಕೂಸಿನ ಕೈಗೆ ನೇರವಾಗಿ ಎಟುಕುವಂತೆ. ಇದಕ್ಕೆ ಒಳಮುಚ್ಚಳವಿರುವ ಸಾಕೆಟ್ಟುಗಳೇ ಪರಿಹಾರ. ಪ್ಲಗ್ಗಿನಲ್ಲಿ ಭೂಸಂಪರ್ಕದ ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿರುವುದನ್ನು ನೀವು ನೋಡಿದ್ದೀರಷ್ಟೆ? ಅದು ಮೊದಲು ಒಳಹೊಕ್ಕು ಮುಚ್ಚಳವನ್ನು ಸರಿಸಿದ ಮೇಲೆಯೇ ಉಳಿದ ತೂತುಗಳು ತೆರೆದುಕೊಳ್ಳುತ್ತವೆ. ಇದರ ಜೊತೆಗೆ, ೩೦ ಮಿಲಿಆಂಪಿಯರಿನಷ್ಟು ವಿದ್ಯುತ್ತು ದಾರಿ ತಪ್ಪಿ ನೆಲಕ್ಕೆ ಹರಿದರೂ ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುವ ಸಾಧನವೊಂದನ್ನು ಮನೆಯ ಮುಖ್ಯ ಫಲಕದಲ್ಲಿ ಕೂಡಿಸುವುದು ಅವಶ್ಯ.

ಕಡೆಯದು ಬಣ್ಣದಂಗಡಿ. ತಂದೆತಾಯಿಗಳು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಹಳೆಯ ಎಣ್ಣೆಬಣ್ಣಗಳಲ್ಲಿ, ಅದರಲ್ಲಿಯೂ ಕಡುಹಳದಿ, ಕೆಂಪು, ಹಸಿರುಗಳಲ್ಲಿ ಸೀಸವನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಸೀಸ ಎಳೆಯ ಮಿದುಳಿಗೆ ವಿಷ. ಬುದ್ಧಿಯ ಬೆಳವಣಿಗೆಯನ್ನು ಅದು ಕುಂದಿಸುತ್ತದೆ. ಇಷ್ಟರವರೆಗೆ ನಿರಪಾಯವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ನಮ್ಮ ದೇಶದಲ್ಲಿ ೨೦೧೬ರಲ್ಲಿ ನಿಯಮ ರೂಪಿಸಿ, ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಕೂಡದೆಂದು ವಿಧಿಸಲಾಯಿತು. ಈ ಮಾತು ಡಬ್ಬಿಯ ಮೇಲೆ ಅಚ್ಚಾಗಿರಬೇಕು. ಓದಿಯೇ ಹಣ ಕೊಡಿರಿ.

ಆದರೆ ಹೊಸ ಡಬ್ಬಿಯನ್ನು ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಮ್ಮ ಮನೆಯ ಕಿಟಕಿಗಳ ಮೇಲೆ ತಂದೆಯವರ ಕಾಲದ ಹಸಿರು ಬಣ್ಣ ಪದರ ಪದರವಾಗಿ ಕುಳಿತಿದೆ. ಅದನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳು ನೆಲಕ್ಕೆ ಇಳಿಯುತ್ತದೆ. ನೆಲದಿಂದ ಆಟದ ಸಾಮಾನಿಗೆ, ಅಲ್ಲಿಂದ ಕೂಸಿನ ಬಾಯಿಗೆ. ಆದುದರಿಂದ ಒದ್ದೆ ಮಾಡಿಯೇ ಉಜ್ಜಿಸಬೇಕು. ಆ ದಿನಗಳಲ್ಲಿ ಮಕ್ಕಳು ಮತ್ತು ಗರ್ಭಿಣಿಯರು ಬೇರೆ ಕಡೆ ಇರಬೇಕು. ಕೊನೆಗೆ ಪೊರಕೆಯನ್ನು ಮುಟ್ಟದೆ, ಒದ್ದೆ ಬಟ್ಟೆಯಿಂದಲೇ ನೆಲ ಒರೆಸಬೇಕು. ಕೆಲಸದವರೂ ಮೂಗುಬಾಯಿಗೆ ತಕ್ಕ ಮುಸುಕು ಧರಿಸುವಂತೆ ನೋಡಿಕೊಳ್ಳುವುದು ಯಜಮಾನನ ಹೊಣೆ. ಅವರ ಮನೆಯಲ್ಲಿಯೂ ಮಕ್ಕಳಿರುತ್ತಾರೆ.

ತನ್ನ ಕೋಣೆಗೆ ಯಾವ ಬಣ್ಣವೆಂಬುದನ್ನು ಮಗಳೇ ನಿರ್ಧರಿಸಲೆಂದು ಬಿಟ್ಟೆವು. ಅಂಗಡಿಯ ಯಂತ್ರವು ಬಿಳಿಯ ಬಣ್ಣಕ್ಕೆ ಹನಿಹನಿಯಾಗಿ ನೀಲಿಯನ್ನು ಸುರಿಸಿ, ಡಬ್ಬಿಯನ್ನು ಗಡಗಡನೆ ಅಲುಗಾಡಿಸಿದಾಗ ಮಕ್ಕಳಿಬ್ಬರ ಸಂತೋಷಕ್ಕೆ ಪಾರವಿರಲಿಲ್ಲ. ಅಂಗಡಿಯ ಬೆಳಕಿನಲ್ಲಿ ಕಂಡ ಬಣ್ಣ ಮನೆಯ ಗೋಡೆಯ ಮೇಲೆ ಬೇರೆಯಾಗಿ ತೋರುವುದರಿಂದ ಮೊದಲು ಒಂದು ಚಿಕ್ಕ ಡಬ್ಬಿಯನ್ನಷ್ಟೇ ತಂದೆವು. ಮೊಳದಗಲ ಬಳಿದುದನ್ನು ಮಗಳು ಬೆಳಿಗ್ಗೆ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ನೋಡಿ, ನ್ಯಾಯಾಧೀಶರ ಧೋರಣೆಯಲ್ಲಿ ಒಪ್ಪಿಗೆ ಕೊಟ್ಟಳು.

ದುರಸ್ತಿಗೆ ಕೈಹಾಕಲಿರುವ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಸಾಮಾನಿನ ಪಟ್ಟಿ ಬರೆಯುವ ಮುನ್ನ ಮಕ್ಕಳನ್ನು ಗೋಡೆಗೆ ಒತ್ತಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಸೀಸದ ಕಡ್ಡಿಯಿಂದ ಒಂದು ಗೆರೆ ಎಳೆಯಿರಿ. ಗಾಬರಿ ಬೇಡ, ಆ ಕಡ್ಡಿಯಲ್ಲಿ ಹೆಸರನ್ನು ಬಿಟ್ಟರೆ ಸೀಸವಿಲ್ಲ, ಇರುವುದು ಗ್ರಾಫೈಟು. ಬಳಿಕ ಆ ಗೆರೆಯ ಮಟ್ಟಕ್ಕೆ ಕುಳಿತು ಮನೆಯನ್ನೊಮ್ಮೆ ನೋಡಿರಿ. ಏನು ಕೊಳ್ಳಬೇಕೆಂಬುದರ ಅರ್ಧ ಪಟ್ಟಿ ಅಲ್ಲಿಯೇ ಸಿದ್ಧವಾಗುತ್ತದೆ.