ಏಳರ ಪಾಠ, ಏಳದ ದೇಹ

ಕಾಂದಿವಲಿಯ ಕಾಲೇಜುಗಳಿಗೆ ಮೀರಾ ರೋಡ್, ವಸಯಿ, ನಾಲಾಸೋಪಾರಾ ಕಡೆಯಿಂದಲೂ ಮಕ್ಕಳು ಬರುತ್ತಾರೆ. ಅವರಲ್ಲಿ ನಮ್ಮ ತುಳು-ಕನ್ನಡಿಗರ ಮನೆಯವರೂ ಇರುತ್ತಾರೆ. ಜಾಗ ಸಾಲದ ಮುಂಬೈಯಲ್ಲಿ ಅನೇಕ ಕಾಲೇಜುಗಳು ಎರಡು ಪಾಳಿಯಲ್ಲಿ ನಡೆಯುತ್ತವೆ. ಬೆಳಗಿನ ಪಾಳಿ ಸಿಕ್ಕಿದರೆ ಮೊದಲ ಲೆಕ್ಚರ್ ಏಳಕ್ಕೇ ಇರಬಹುದು. ನಾಲಾಸೋಪಾರಾದ ಹುಡುಗಿ ಐದಕ್ಕೆ ಮುಂಚೆ ಎದ್ದು, ಲೋಕಲ್ ಹಿಡಿದು, ದಹಿಸರ್, ಬೊರಿವಲಿ ದಾಟಿ ಕಾಂದಿವಲಿಯಲ್ಲಿ ಇಳಿದು, ಸೇತುವೆ ಹತ್ತಿ ಪೂರ್ವಕ್ಕೆ ಬಂದು, ಶೇರ್ ರಿಕ್ಷಾಕ್ಕೆ ಸಾಲಿನಲ್ಲಿ ನಿಲ್ಲಬೇಕು. ಎಫ್‌ವೈ, ಅಂದರೆ ಪದವಿಯ ಮೊದಲ ವರ್ಷದ, ಮೊದಲ ಸೆಮಿಸ್ಟರಿನಲ್ಲಿ ಹೊಸ ವಿಷಯ, ಹೊಸ ಗೆಳೆಯರು, ಶೇಕಡಾ 75 ಹಾಜರಿ ಎಲ್ಲವೂ ಒಟ್ಟಿಗೇ ಎದುರಾಗುತ್ತವೆ. ಇವುಗಳಿಗೆಲ್ಲ ಹೇಗೋ ಒಗ್ಗಿಕೊಳ್ಳಬಹುದು. ಒಗ್ಗದೆ ಹಟ ಹಿಡಿಯುವುದು ದೇಹದೊಳಗಿನ ಗಡಿಯಾರ.

ಈ ಗಡಿಯಾರ ಇರುವುದು ಮಿದುಳಿನ ತಳದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ತುಸು ಮೇಲೆ. ಸುಮಾರು 20,000 ನರಕೋಶಗಳ ಎರಡು ಪುಟ್ಟ ಗೊಂಚಲುಗಳು, ಅಷ್ಟೇ. ಕಣ್ಣಿಗೆ ಬಿದ್ದ ಬೆಳಕನ್ನು ನೋಡಿ ಇದು ದಿನವೂ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಸ್ರವಿಸಲು ಹೇಳಿ ದೇಹವನ್ನು ನಿದ್ದೆಗೆ ಸಜ್ಜುಗೊಳಿಸುತ್ತದೆ. ಹರೆಯದಲ್ಲಿ ಆ ಅಪ್ಪಣೆ ತಡವಾಗಿ ಹೊರಡುತ್ತದೆ ಎಂಬುದನ್ನು ಅಮೆರಿಕದ ಮೇರಿ ಕಾರ್ಸ್‌ಕಡನ್ 1990ರ ದಶಕದಲ್ಲಿ ತೋರಿಸಿದರು. 2004ರಲ್ಲಿ ಜರ್ಮನಿಯ ಟಿಲ್ ರೊನೆಬರ್ಗ್ ತಂಡ ಸಾವಿರಾರು ಜನರ ನಿದ್ದೆಯ ಹೊತ್ತನ್ನು ಲೆಕ್ಕ ಹಾಕಿದಾಗ, ಮಲಗಿ ಏಳುವ ಸಮಯ ವರ್ಷ ವರ್ಷಕ್ಕೂ ಮುಂದೆ ಸರಿಯುತ್ತ ಹೋಗಿ, ಇಪ್ಪತ್ತರ ಆಸುಪಾಸಿನಲ್ಲಿ ತುದಿ ಮುಟ್ಟಿ, ಆಮೇಲೆ ಹಿಂದಕ್ಕೆ ಬರುವುದು ಕಂಡಿತು. ಅಂದರೆ ಹದಿನೆಂಟರಲ್ಲಿ ಕಾಲೇಜು ಸೇರಿದವರ ನಿದ್ದೆ ಇನ್ನೂ ತಡವಾಗುತ್ತಲೇ ಇರುವಾಗ ಪಾಠ ಮಾತ್ರ ಬೇಗ ಶುರುವಾಗುತ್ತದೆ. ಹನ್ನೆರಡಾದರೂ ನಿದ್ದೆ ಬರುವುದಿಲ್ಲ ಎಂಬ ಮಗನ ಮಾತು ಪೂರ್ತಿ ನೆಪವಲ್ಲ. ಮೊಬೈಲಿನ ಬೆಳಕು ಆ ತಡವನ್ನು ಹೆಚ್ಚಿಸುತ್ತದೆ, ನಿಜ. ಆದರೆ ತಡದ ಮೂಲ ಮೊಬೈಲಲ್ಲ.

ಮುಂಬೈಗೆ ಇದರ ಮೇಲೊಂದು ವಿಶೇಷ ಸಂಕಟವಿದೆ. ಭಾರತೀಯ ಕಾಲಮಾನ ಪೂರ್ವ ರೇಖಾಂಶ 82.5 ಡಿಗ್ರಿಯ ಲೆಕ್ಕದ್ದು. ಮುಂಬೈ ಇರುವುದು 73ರ ಹತ್ತಿರ. ಈ ಅಂತರಕ್ಕೆ ಸುಮಾರು 39 ನಿಮಿಷ. ಹಳೆಯ ‘ಬಾಂಬೆ ಟೈಮ್’ ಅಷ್ಟೇ ಹಿಂದಿತ್ತು, ಊರು 1955ರವರೆಗೂ ಅದನ್ನು ಪೂರ್ತಿ ಬಿಟ್ಟಿರಲಿಲ್ಲ. ಒಳಗಿನ ಗಡಿಯಾರಕ್ಕೆ ಸರ್ಕಾರದ ಕಾಲಮಾನ ಗೊತ್ತಿಲ್ಲ, ಸೂರ್ಯ ಗೊತ್ತು. ಕಾಂದಿವಲಿಯ ಏಳು ಗಂಟೆಯ ಪಾಠ ಸೂರ್ಯನ ಲೆಕ್ಕದಲ್ಲಿ 6.21ರ ಪಾಠ.

ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರು ಇದನ್ನು ಕೇಳಿ ನಗಬಹುದು. ಅವರ ಛಲ ದೊಡ್ಡದು. ಆದರೆ ನಿದ್ದೆಗೆಟ್ಟು ಕಲಿತದ್ದಕ್ಕೆ ಬೆಲೆ ತೆರಲೇಬೇಕು. ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಲ್ಲೇ ಇಬ್ಬರು ಕಾಲೇಜು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಪುಂಜಗಳನ್ನು ಕಲಿಸಿ ಪರೀಕ್ಷಿಸಿದ್ದರು. ಕಲಿತು ಮಲಗಿದಾಗ ನೆನಪು ಉಳಿದಷ್ಟು, ಕಲಿತು ಎಚ್ಚರವಿದ್ದಾಗ ಉಳಿಯಲಿಲ್ಲ.

ಹಾಗಾದರೆ ಗಡಿಯಾರವನ್ನು ತಿದ್ದಲಾಗದೇ? ಸ್ವಲ್ಪ ಮಟ್ಟಿಗೆ ತಿದ್ದಬಹುದು. ಮದುರೆಯಲ್ಲಿ ಕೆಲಸ ಮಾಡಿ, ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರಕ್ಕೆ ಬಂದ ಎಂ.ಕೆ. ಚಂದ್ರಶೇಖರನ್ ಮತ್ತು ಸಂಗಡಿಗರು ಬಿಸಿಲು ಕಾಣದ ಗುಹೆಯಲ್ಲಿ ಬಾವಲಿಗಳನ್ನು ಪಂಜರದಲ್ಲಿಟ್ಟು ನೋಡಿದ್ದರು. ಸುತ್ತಲಿನ ಹಿಂಡು ಸಂಜೆ ಹೊರಗೆ ಹಾರಿ ಮುಂಜಾನೆ ಮರಳುತ್ತಿದ್ದರೆ ಪಂಜರದ ಬಾವಲಿಯೂ ಅದೇ ಹೊತ್ತಿಗೆ ಚುರುಕಾಗುತ್ತಿತ್ತು. ಹಿಂಡಿಲ್ಲದ ಗುಹೆಯಲ್ಲಿ ಒಂಟಿಯಾಗಿಟ್ಟರೆ ಅದರ ಹೊತ್ತು ದಿನದಿನಕ್ಕೂ ಜಾರುತ್ತಿತ್ತು. ಮನುಷ್ಯನಿಗೆ ಸಹವಾಸಕ್ಕಿಂತ ಬೆಳಕೇ ಬಲವಾದ ಸೂಚನೆ. ಬೆಳಗ್ಗೆ ಬಯಲ ಬೆಳಕು, ರಾತ್ರಿ ಮಂದ ದೀಪ, ರಜೆಯ ದಿನವೂ ಸರಿಸುಮಾರು ಅದೇ ಹೊತ್ತಿಗೆ ಏಳುವುದು ಇವು ಕೆಲಸಕ್ಕೆ ಬರುತ್ತವೆ. ಭಾನುವಾರ ಹನ್ನೊಂದರವರೆಗೆ ಮಲಗಿದವರಿಗೆ ಸೋಮವಾರದ ಐದು ಗಂಟೆ ಇನ್ನಷ್ಟು ಕಷ್ಟ. ಆದರೆ ಮಳೆಗಾಲದ ಮೋಡ, ಐದು ಗಂಟೆಯ ಕತ್ತಲು, ಕಿಕ್ಕಿರಿದ ಡಬ್ಬಿಯ ನಡುವೆ ಬೆಳಕೆಲ್ಲಿಂದ ತರುವುದು?

ಆದ್ದರಿಂದ ವೇಳಾಪಟ್ಟಿಯನ್ನೇ ಬದಲಿಸುವುದು ಹೆಚ್ಚು ನ್ಯಾಯ. ಅಮೆರಿಕದ ಸಿಯಾಟಲ್ 2016ರಲ್ಲಿ ಪ್ರೌಢಶಾಲೆಗಳನ್ನು 7.50ರಿಂದ 8.45ಕ್ಕೆ ಸರಿಸಿತು. ಮಕ್ಕಳು ರಾತ್ರಿ ಇನ್ನೂ ತಡ ಮಾಡುತ್ತಾರೆಂಬ ಭಯ ಸುಳ್ಳಾಯಿತು. ಅವರ ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಿತು. ಮಹಾರಾಷ್ಟ್ರ ಸರ್ಕಾರವೂ 2024ರಲ್ಲಿ ಒಂಬತ್ತಕ್ಕೆ ಮುಂಚೆ ತರಗತಿ ಬೇಡವೆಂದು ಆದೇಶಿಸಿತು, ಆದರೆ ನಾಲ್ಕನೆಯ ತರಗತಿಯವರೆಗೆ ಮಾತ್ರ. ವಿಚಿತ್ರವೆಂದರೆ, ತಾವಾಗಿಯೇ ಬೇಗ ಏಳುವ ವಯಸ್ಸು ಅದು. ಬೇಗ ಏಳಲಾರದ ವಯಸ್ಸಿನವರಿಗೆ ಆ ರಿಯಾಯಿತಿ ಸಿಗಲಿಲ್ಲ. ಪಾಳಿ ಹಂಚುವ ಪ್ರಾಂಶುಪಾಲರು ಮುಂದಿನ ಜೂನ್‌ನಲ್ಲಿ ಕನಿಷ್ಠ ಎಫ್‌ವೈ ಮಕ್ಕಳಿಗಾದರೂ ಮೊದಲ ಲೆಕ್ಚರನ್ನು ಎಂಟೂವರೆಗೆ ಇಟ್ಟು ಒಂದು ಸೆಮಿಸ್ಟರ್ ನೋಡಲಿ.