ತೋಟದ ದಾರಿಗೆ ಜೀಪೋ, ಜಿಪ್ಸಿಯೋ?



ಅಡಿಕೆ ಮಾರಿ ನಾಲ್ಕು ಕಾಸು ಕೈಗೆ ಬಂದ ವರ್ಷ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ: "ತೋಟಕ್ಕೆ ಹೋಗ್ಲಿಕ್ಕೆ ಒಂದು ಜೀಪು ತೆಗೆಯುವ." ಮಾತಿನ ಹಿಂದೆಯೇ ಚರ್ಚೆಯೂ ಬರುತ್ತದೆ. ಜೀಪು ಅಮೇರಿಕದ ಗಟ್ಟಿ ಕಬ್ಬಿಣ, ಅದೇ ಆಗಬೇಕು ಎಂದು ಅಪ್ಪ. ಜಪಾನಿನ ಎಂಜಿನು ಕೈಕೊಡುವುದಿಲ್ಲ, ಜಿಪ್ಸಿಯೇ ಸರಿ ಎಂದು ಮಗ. ಇಬ್ಬರ ಮಾತಿನಲ್ಲೂ ಸತ್ಯ ಉಂಟು. ಆದರೆ ಎರಡೂ ಅರ್ಧ ಸತ್ಯ.

ಇದು ಬರೇ ಹರಟೆಯ ವಿಷಯವಲ್ಲ. ಒಂದು ವರ್ಷದ ಬೆಳೆಯ ಹಣ ಅಂಗಳದಲ್ಲಿ ತುಕ್ಕು ಹಿಡಿದು ನಿಲ್ಲಬಹುದು. ಅದಕ್ಕಿಂತ ಹೆಚ್ಚಿನದೂ ಉಂಟು. ಆಟಿ ತಿಂಗಳ ಮಳೆಯ ರಾತ್ರಿ, ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಕೂರಿಸಿಕೊಂಡು ಹೊರಟ ಗಾಡಿ ತೋಡಿನ ನಡುವೆ ನಿಂತರೆ, ಅದು ಯಾವ ದೇಶದ ಗಾಡಿ ಎಂದು ಕೇಳಿ ಪ್ರಯೋಜನವಿಲ್ಲ. ಆದುದರಿಂದ ಕೊಳ್ಳುವ ಮೊದಲೇ ವಿಚಾರ ಮಾಡೋಣ.

ಮೊದಲು ಈ ಎರಡು ಗಾಡಿಗಳ ಕುಲಮೂಲ ನೋಡೋಣ. ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಕೆಸರು, ಕಲ್ಲು, ಏರು ಎನ್ನದೆ ಹೋಗುವ ಒಂದು ಸಣ್ಣ ಗಾಡಿ ಬೇಕೆಂದು 1940ರಲ್ಲಿ ಅಮೇರಿಕದ ಸೈನ್ಯ ಕಂಪೆನಿಗಳನ್ನು ಕೇಳಿತು. ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಸೇರಿ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. 1947ರ ಹೊತ್ತಿಗೆ ಆ ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಬೊಂಬಾಯಿಯಲ್ಲಿ ಜೋಡಿಸುವ ಕೆಲಸ ಶುರುವಾಯಿತು. ಅದೇ ಮುಂದೆ ಮಹೀಂದ್ರ ಜೀಪು ಎಂದು ನಮ್ಮ ಹಳ್ಳಿಹಳ್ಳಿಗೆ ಬಂತು. ಕಾಲಕ್ರಮದಲ್ಲಿ ಅದರ ಪೆಟ್ರೋಲ್ ಎಂಜಿನು ಹೋಗಿ ಡೀಸೆಲ್ ಎಂಜಿನು ಕೂತಿತು. ಹಾಗಾಗಿ ನಾವು ಅಮೇರಿಕದ ಜೀಪು ಎನ್ನುವುದರ ವಿನ್ಯಾಸ ಅಮೇರಿಕದ್ದು, ಮಾಡಿದ ಕೈ ನಮ್ಮದು.

ಇನ್ನು ಜಪಾನು. 1950ರಲ್ಲಿ ಕೊರಿಯಾ ಯುದ್ಧ ಹತ್ತಿಕೊಂಡಾಗ ಅಲ್ಲಿಯೂ ಜೀಪಿನಂಥ ಗಾಡಿಗೆ ಬೇಡಿಕೆ ಬಂತು. 1951ರಲ್ಲಿ ಟೊಯೋಟ ಕಂಪೆನಿಯವರು ತಾವೇ ಒಂದು ಗಾಡಿ ಮಾಡಿ ಫ್ಯೂಜಿ ಪರ್ವತದ ಆರನೆಯ ಹಂತದವರೆಗೆ ಹತ್ತಿಸಿ ತೋರಿಸಿದರು. 1953ರಿಂದ ಮಿತ್ಸುಬಿಷಿಯವರು ವಿಲ್ಲಿಸ್ ಕಂಪೆನಿಯ ಅನುಮತಿ ಪಡೆದು ಅದೇ ಜೀಪನ್ನು ಜಪಾನಿನಲ್ಲಿ ಮಾಡಿದರು. ಒಂದೇ ಅಚ್ಚಿನ ಜೀಪು ಬೊಂಬಾಯಿಯಲ್ಲೂ ತಯಾರಾಯಿತು, ಜಪಾನಿನಲ್ಲೂ ತಯಾರಾಯಿತು. ಅಂದ ಮೇಲೆ ಇವು ಶತ್ರುಗಳಲ್ಲ, ದಾಯಾದಿಗಳು.

ಜಪಾನಿನ ಗಾಡಿ ಕೈಕೊಡುವುದಿಲ್ಲ ಎಂಬ ಹೆಸರು ಹೇಗೆ ಬಂತು? 1950ರಲ್ಲಿ ಡೆಮಿಂಗ್ ಎಂಬ ಅಮೇರಿಕದ ಸಂಖ್ಯಾಶಾಸ್ತ್ರಜ್ಞರು ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಯವರಿಗೆ ಪಾಠ ಹೇಳಿದರು. ಮಾಲು ಕೆಟ್ಟ ಮೇಲೆ ಹೆಕ್ಕಿ ಬಿಸಾಡುವುದಲ್ಲ, ಕೆಡದ ಹಾಗೆ ಪ್ರತಿ ಹಂತದಲ್ಲೂ ಅಳತೆ ನೋಡಿಕೊಳ್ಳಬೇಕು ಎಂಬುದು ಅದರ ಸಾರ. ಒಣಗಿದ ಮೇಲೆ ಅಡಿಕೆ ಆರಿಸುವುದಕ್ಕಿಂತ ಮರದಲ್ಲಿರುವಾಗಲೇ ಕೊಳೆರೋಗ ತಡೆಯುವುದು ಲೇಸಲ್ಲವೇ? ಅದೇ ಮಾತು. ಜಪಾನಿನವರು ಅದನ್ನು ಬಿಗಿಯಾಗಿ ಪಾಲಿಸಿದರು.

ನಮ್ಮ ಕಡೆ ಜಪಾನಿನ ಗಾಡಿ ಎಂದರೆ ಮುಖ್ಯವಾಗಿ ಜಿಪ್ಸಿ. ಸುಝುಕಿಯವರ ವಿನ್ಯಾಸ, 1985ರಿಂದ ಗುರಗಾಂವಿನ ಮಾರುತಿ ಕಾರ್ಖಾನೆಯಲ್ಲಿ ತಯಾರಾಯಿತು. ಮೊದಲಿಗೆ 970 ಸಿ.ಸಿ. ಎಂಜಿನು, 1996ರಿಂದ 1,298 ಸಿ.ಸಿ. ಎಂಜಿನು, ಎರಡೂ ಪೆಟ್ರೋಲ್. ಜನರಿಗೆ ಹೊಸ ಜಿಪ್ಸಿ ಮಾರುವುದು 2019ರ ಹೊತ್ತಿಗೆ ನಿಂತುಹೋಯಿತು. ಈಗ ಸಿಗುವುದು ಹಳೆಯದು ಮಾತ್ರ. ಅದೇ ಸಂತತಿಯ ಹೊಸ ಗಾಡಿ ಜಿಮ್ನಿ 2023ರಲ್ಲಿ ಬಂತು. ಜೀಪಿನ ಸಂತತಿಯ ಥಾರ್ 2010ರಲ್ಲಿ ಬಂದು 2020ರಲ್ಲಿ ಪೂರಾ ಹೊಸ ರೂಪ ತಾಳಿತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಗಾಡಿಯ ಭರವಸೆ ದೇಶದ ಹೆಸರಿನಲ್ಲಿಲ್ಲ. ಅದು ಮೂರು ವಿಷಯಗಳಲ್ಲಿ ಉಂಟು: ಹೊರೆ, ನೀರು, ಬಿಡಿಭಾಗ. ಒಂದೊಂದಾಗಿ ನೋಡುವ.

ಮೊದಲನೆಯದು ಹೊರೆ. ನಿಮ್ಮ ಗಾಡಿಯಲ್ಲಿ ಎಂತ ಸಾಗಿಸುತ್ತೀರಿ? 200 ಲೀಟರಿನ ಒಂದು ಡ್ರಮ್ಮು ಬೋರ್ಡೋ ಮಿಶ್ರಣ ಎಂದರೆ ಎರಡು ಕ್ವಿಂಟಾಲಿಗೆ ಮೇಲೆ. 50 ಕಿಲೋದಂತೆ ಎಂಟು ಗೋಣಿ ಅಡಿಕೆ ಎಂದರೆ ನಾಲ್ಕು ಕ್ವಿಂಟಾಲು. ಇದರ ಮೇಲೆ ನಾಲ್ಕು ಜನ ಆಳು. ಡೀಸೆಲ್ ಜೀಪಿನ ಎಂಜಿನು ನಿಧಾನ ತಿರುಗುವಾಗಲೇ ಬಲ ಕೊಡುತ್ತದೆ. ಹೊರೆ ಹೇರಿ ಮುರಕಲ್ಲಿನ ಏರು ಹತ್ತುವಾಗ ಎಂಜಿನನ್ನು ಕಿರುಚಿಸಬೇಕಾಗಿಲ್ಲ. ಜಿಪ್ಸಿಯ ಎಂಜಿನು ಸಣ್ಣದು, ಬಲ ಬರಬೇಕಾದರೆ ವೇಗವಾಗಿ ತಿರುಗಬೇಕು. ದಿನಾ ಹೊರೆ ಹೊರುವ ಕೆಲಸಕ್ಕೆ ಅದು ಬೇಗ ಸವೆಯುತ್ತದೆ. ಆದರೆ ಜಿಪ್ಸಿಯ ತೂಕ ಸುಮಾರು ಹತ್ತು ಕ್ವಿಂಟಾಲು ಮಾತ್ರ. ಡೀಸೆಲ್ ಜೀಪು ಅದಕ್ಕಿಂತ ಕೆಲವು ಕ್ವಿಂಟಾಲು ಹೆಚ್ಚು. ಬೈಲಿನ ಕೆಸರಿನಲ್ಲಿ ಹಗುರ ಗಾಡಿ ಹೂಳುವುದು ಕಡಿಮೆ, ಹೂತರೂ ನಾಲ್ಕು ಜನ ಸೇರಿ ನೂಕಿದರೆ ಹೊರಗೆ ಬರುತ್ತದೆ. ಮನೆಯವರ ಓಡಾಟ, ಒಂದೆರಡು ಗೋಣಿ ಗೊಬ್ಬರ, ರೋಗಿಯನ್ನು ಕರೆದೊಯ್ಯುವುದು — ಇಷ್ಟಕ್ಕೆ ಹಗುರ ಗಾಡಿ ಸಾಕು.

ಎರಡನೆಯದು ನೀರು. ನಮ್ಮ ಜಿಲ್ಲೆಯ ಮಳೆ ನಿಮಗೆ ಗೊತ್ತೇ ಉಂಟು. ಹಳೆಯ ಪೆಟ್ರೋಲ್ ಎಂಜಿನಿಗೆ ವಿದ್ಯುತ್ತಿನ ಕಿಡಿ ಬೇಕು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೂ ಪ್ಲಗ್ಗಿನ ವಯರಿಗೂ ನೀರು ಸಿಡಿದರೆ ಎಂಜಿನು ನಿಲ್ಲುತ್ತದೆ. ಡೀಸೆಲಿಗೆ ಕಿಡಿ ಬೇಡ. ಆ ಮಟ್ಟಿಗೆ ಅದಕ್ಕೆ ಮಳೆಯ ಭಯ ಕಡಿಮೆ. ಆದರೆ ಗಾಳಿ ಎಳೆಯುವ ಕೊಳವೆಯೊಳಗೆ ನೀರು ಹೋಯಿತೋ, ಡೀಸೆಲೂ ಇಲ್ಲ ಪೆಟ್ರೋಲೂ ಇಲ್ಲ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಿಕ್ಕೆ ಆಗುವುದಿಲ್ಲ. ಒಳಗಿನ ಕನೆಕ್ಟಿಂಗ್ ರಾಡು ಬಗ್ಗಿ ಎಂಜಿನೇ ಹಾಳು. ನೀರಿನಲ್ಲಿ ನಿಂತ ಎಂಜಿನನ್ನು ಅಲ್ಲಿಯೇ ಮತ್ತೆ ಮತ್ತೆ ಸ್ಟಾರ್ಟು ಮಾಡುವುದು ಬೇಡ. ಹೊರಗೆ ಎಳೆದು, ನೀರು ತೆಗೆಸಿ, ಆಮೇಲೆ ನೋಡಿ.

ತೋಡು ದಾಟುವಾಗ ಒಂದು ನಿಯಮ ನೆನಪಿಡಿ. ನೀರು ಗಾಲಿಯ ನಡುವಿನ ಗುಂಬಕ್ಕಿಂತ ಮೇಲೆ ಇದ್ದರೆ ಇಳಿಯಬೇಡಿ. ಎರಡು ಅಡಿ ಎತ್ತರದ ಹರಿಯುವ ನೀರು ಹೆಚ್ಚಿನ ಗಾಡಿಗಳನ್ನು ಎತ್ತಿಕೊಂಡೇ ಹೋಗುತ್ತದೆ. ಅದಕ್ಕೆ ಅಮೇರಿಕವೂ ಒಂದೇ, ಜಪಾನೂ ಒಂದೇ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿಗೆ ನೆರೆ ಬಂದು ಚಾರ್ಮಾಡಿ ಘಾಟಿ ಕುಸಿದುದನ್ನು ಕಂಡವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ತೋಡು ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ನಾಲ್ಕೈದು ಸಲ ಒತ್ತಿ ಒಣಗಿಸಿಕೊಳ್ಳಿ. ಒದ್ದೆಯಾದ ಬ್ರೇಕು ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಒಮ್ಮೆಯಾದರೂ ಆಕ್ಸಲಿನ ಎಣ್ಣೆ ಬಿಚ್ಚಿ ನೋಡಿ. ಅದು ಹಾಲುಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ, ಕೂಡಲೇ ಬದಲಾಯಿಸಿ.

ನೀರಿನ ಜೊತೆಗೆ ಇನ್ನೊಂದು ಶತ್ರು ನಮ್ಮ ತೋಟದಲ್ಲೇ ಉಂಟು. ಅದು ಮೈಲುತುತ್ತು. ಬೋರ್ಡೋ ಮಿಶ್ರಣ ಹದವಾಗಿದೆಯೋ ಇಲ್ಲವೋ ಎಂದು ನೀವು ಚೂರಿ ಅದ್ದಿ ನೋಡುತ್ತೀರಲ್ಲ, ಸುಣ್ಣ ಕಡಿಮೆಯಾದರೆ ಚೂರಿಗೆ ತಾಮ್ರದ ಕೆಂಪು ಕೂರುತ್ತದೆ. ಚೂರಿಯ ಕಬ್ಬಿಣವನ್ನು ತಿನ್ನುವ ಆ ನೀರು ಜೀಪಿನ ನೆಲವನ್ನು ಬಿಡುತ್ತದೆಯೇ? ಮೈಲುತುತ್ತಿನ ನೀರು ಚೆಲ್ಲಿದ ದಿನವೇ ಗಾಡಿಯನ್ನು ಒಳಗೂ ಅಡಿಗೂ ನೀರು ಹಾಕಿ ತೊಳೆಯಿರಿ. ಅನೇಕ ಗಾಡಿಗಳು ಎಂಜಿನು ಕೆಟ್ಟು ಸಾಯುವುದಿಲ್ಲ, ಚಾಸಿ ತುಕ್ಕು ಹಿಡಿದು ಸಾಯುತ್ತವೆ.

ಮೂರನೆಯದು ಬಿಡಿಭಾಗ ಮತ್ತು ಮೆಕ್ಯಾನಿಕ್. ಜೀಪು ಸರಳ ಯಂತ್ರ. ಎಣ್ಣೆ ಸೋರುತ್ತದೆ, ಶಬ್ದ ಮಾಡುತ್ತದೆ, ಆಗಾಗ ಸಣ್ಣಪುಟ್ಟ ತಕರಾರು ಮಾಡುತ್ತದೆ. ಆದರೆ ತಕರಾರು ಕಣ್ಣಿಗೆ ಕಾಣುತ್ತದೆ, ನಾಲ್ಕು ಪಾನ ಇದ್ದ ಮನುಷ್ಯ ಮರದ ನೆರಳಲ್ಲೇ ಸರಿಮಾಡಬಲ್ಲ. ಜಪಾನಿನ ಎಂಜಿನು ಹಾಗಲ್ಲ. ಅದು ಅಪರೂಪಕ್ಕೆ ಕೆಡುತ್ತದೆ. ಆದರೆ ಹೇಳಿದ ಹೊತ್ತಿಗೆ ಹೇಳಿದ ಆರೈಕೆ ಬೇಕು. ಜಿಪ್ಸಿಯ ಎಂಜಿನಿನಲ್ಲಿ ಒಂದು ರಬ್ಬರಿನ ಟೈಮಿಂಗ್ ಬೆಲ್ಟು ಉಂಟು. ಅದನ್ನು ಅವಧಿಗೆ ಸರಿಯಾಗಿ ಬದಲಾಯಿಸದಿದ್ದರೆ ಒಂದು ದಿನ ಹರಿದು ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಹೊಸ ಮಾದರಿಗಳಲ್ಲಿ, ಅದು ಥಾರ್ ಇರಲಿ ಜಿಮ್ನಿ ಇರಲಿ, ಎಂಜಿನನ್ನು ನಡೆಸುವುದು ಒಂದು ಸಣ್ಣ ಕಂಪ್ಯೂಟರು. ಅದರ ತಪ್ಪು ಹಿಡಿಯಲು ಯಂತ್ರ ಇರುವ ಗ್ಯಾರೇಜೇ ಬೇಕು. ಆದುದರಿಂದ ಗಾಡಿ ನೋಡುವ ಮೊದಲು ನಿಮ್ಮ ಊರಿನ ಮೆಕ್ಯಾನಿಕನ್ನು ಕೇಳಿ: "ಇದರ ಕ್ಲಚ್ ಪ್ಲೇಟು, ಬೇರಿಂಗು, ಬ್ರೇಕಿನ ಸಾಮಾನು ಬಿ.ಸಿ. ರೋಡಿನಲ್ಲಿ ಸಿಗ್ತದಾ, ಮಂಗಳೂರಿಗೇ ಹೋಗ್ಬೇಕಾ? ಎಷ್ಟು ದಿನ ಆಗ್ತದೆ?" ಉತ್ತರ ಒಂದು ದಿನ ಎಂದಾದರೆ ಆ ಗಾಡಿ ಭರವಸೆಯದು. ಹದಿನೈದು ದಿನ ಎಂದಾದರೆ ಅದು ಎಷ್ಟೇ ಒಳ್ಳೆಯದಿದ್ದರೂ ನಿಮಗೆ ಭರವಸೆಯದಲ್ಲ.

ಇನ್ನು ಹಳೆಯ ಗಾಡಿ ಕೊಳ್ಳುವಾಗ ನೋಡಬೇಕಾದ್ದು. ಬಣ್ಣಕ್ಕೆ ಮರುಳಾಗಬೇಡಿ. ಅಡಿಗೆ ನುಗ್ಗಿ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಗಂಟೆಯಂತೆ ಕೇಳಿಸುತ್ತದೆ, ತುಕ್ಕು ತಿಂದದ್ದು ಬೊದ್ದು ಶಬ್ದ ಕೊಡುತ್ತದೆ. ಸ್ಪ್ರಿಂಗ್ ಪ್ಲೇಟು ಚಾಸಿಗೆ ಕೂರುವ ಜಾಗ, ಬೆಸುಗೆ ಹಾಕಿದ ಜಾಗ ವಿಶೇಷವಾಗಿ ನೋಡಿ. ನಾಲ್ಕೂ ಗಾಲಿಗೆ ಎಳೆತ ಕೊಡುವ ಸಣ್ಣ ಗೇರನ್ನು ಹಾಕಿಸಿ, ಮಣ್ಣಿನ ಏರಿನಲ್ಲಿ ಓಡಿಸಿ ನೋಡಿ. ಎಷ್ಟೋ ಗಾಡಿಗಳಲ್ಲಿ ಆ ಗೇರು ಬರೇ ಹೆಸರಿಗೆ ಇರುತ್ತದೆ. ಎಂಜಿನು ನಂಬ್ರ, ಚಾಸಿ ನಂಬ್ರ ಆರ್.ಸಿ. ಪುಸ್ತಕದೊಡನೆ ತಾಳೆ ಆಗಲೇಬೇಕು. ಎಂಜಿನು ಬದಲಿಸಿ, ಉದ್ದ ಮಾಡಿ, ರೂಪ ಕೆಡಿಸಿದ ಗಾಡಿ ಬೇಡ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅದನ್ನು ತಡೆಯುತ್ತದೆ. ಹದಿನೈದು ವರ್ಷ ದಾಟಿದ ಗಾಡಿಯಾದರೆ ನೋಂದಣಿ ಹೊಸತಾಗಿ ಮಾಡಿಸಿದ್ದಾರೋ, ಎಂದಿನವರೆಗೆ ಉಂಟು ಎಂದು ಕಾಗದದಲ್ಲೇ ನೋಡಿ, ಬಾಯಿ ಮಾತು ಸಾಲದು.

ಕೊಂಡ ಮೇಲೆ ನಡೆಸುವ ಕ್ರಮವೂ ಉಂಟು. ಡಾಮರು ರಸ್ತೆಯಲ್ಲಿ, ಒಣ ಕಾಂಕ್ರೀಟಿನಲ್ಲಿ ನಾಲ್ಕು ಗಾಲಿಯ ಗೇರು ಹಾಕಬೇಡಿ. ತಿರುವಿನಲ್ಲಿ ಮುಂದಿನ ಗಾಲಿಯೂ ಹಿಂದಿನ ಗಾಲಿಯೂ ಒಂದೇ ದೂರ ಓಡುವುದಿಲ್ಲ. ಜಾರಲು ಜಾಗವಿಲ್ಲದಿದ್ದರೆ ಗೇರಿನ ಹಲ್ಲಿಗೆ ಪೆಟ್ಟು. ಕೆಸರು ಬರುವ ಮೊದಲೇ ಗೇರು ಹಾಕಿ, ಹೂತ ಮೇಲೆ ಅಲ್ಲ. ಇಳಿಜಾರಿನಲ್ಲಿ ಕ್ಲಚ್ಚು ಮೆಟ್ಟಬೇಡಿ, ನ್ಯೂಟ್ರಲ್ ಬೇಡವೇ ಬೇಡ. ಸಣ್ಣ ಗೇರಿನಲ್ಲಿ ಎಂಜಿನಿನ ಹಿಡಿತದಲ್ಲೇ ಇಳಿಸಿ.

ಕೊನೆಗೆ ಲೆಕ್ಕ. ಉದಾಹರಣೆಗೆ, ಮೂರು ಲಕ್ಷ ರೂಪಾಯಿಗೆ ಹಳೆಯ ಗಾಡಿ ತೆಗೆದಿರಿ, ಆರು ವರ್ಷ ಬಳಸಿ 1,20,000ಕ್ಕೆ ಮಾರಿದಿರಿ ಎನ್ನೋಣ. ವರ್ಷಕ್ಕೆ 30,000 ಸವೆಯಿತು. ವಿಮೆ, ಟಯರು, ಎಣ್ಣೆ, ದುರಸ್ತಿ ಸೇರಿ ಇನ್ನೊಂದು 30,000 ಇಟ್ಟುಕೊಳ್ಳಿ. ಒಟ್ಟು 60,000. ವರ್ಷದಲ್ಲಿ 40 ದಿನ ಬಳಸಿದರೆ ದಿನಕ್ಕೆ 1,500 ಬಿತ್ತು, ಇಂಧನ ಬೇರೆ. ಇದು ಬರೇ ಲೆಕ್ಕದ ದಾರಿ. ನಿಮ್ಮ ಊರಿನ ಬೆಲೆ ಹಾಕಿ, ಬಾಡಿಗೆ ಜೀಪಿನ ದರದೊಡನೆ ಹೋಲಿಸಿ. ಒಂದೇ ದಾರಿಯ ಎರಡು ಮನೆಯವರು ಕೂಡಿ ತೆಗೆದರೆ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಡ್ರೈವರು ಯಾರು, ದುರಸ್ತಿ ಯಾರದು ಎಂದು ಮೊದಲೇ ಬರೆದಿಟ್ಟುಕೊಳ್ಳಿ.

ಫರಂಗಿಪೇಟೆ, ಪುದು, ತುಂಬೆ ಕಡೆಯವರೇ, ನಿಮ್ಮಲ್ಲಿ ಹೆದ್ದಾರಿ ಹತ್ತಿರ. ಅಂಗಳದವರೆಗೆ ಕಾಂಕ್ರೀಟು ಬಂದಿದ್ದರೆ ನಾಲ್ಕು ಗಾಲಿಯ ಎಳೆತದ ಗಾಡಿಗೆ ಹಣ ಹಾಕುವ ಅಗತ್ಯವೇ ಇಲ್ಲ. ಸಾಮಾನ್ಯ ಪಿಕ್‌ಅಪ್ ಸಾಕು. ದಿಡುಪೆ, ನೆರಿಯ, ಶಿಶಿಲದ ಕಡೆ, ಘಟ್ಟದ ಬುಡದಲ್ಲಿ ಹೊರೆ ಹೇರಿ ಗುಡ್ಡ ಹತ್ತುವವರಿಗೆ ಡೀಸೆಲ್ ಜೀಪು ಅನುಕೂಲ. ಹೊರೆ ಕಡಿಮೆ, ಕೆಸರು ಹೆಚ್ಚು, ಮನೆಯವರ ಓಡಾಟವೇ ಮುಖ್ಯ ಎನ್ನುವವರಿಗೆ ಜಿಪ್ಸಿಯ ಜಾತಿಯ ಹಗುರ ಗಾಡಿ ಒಳ್ಳೆಯದು.

ಮುಂಗಾರು ಹಿಡಿಯುವ ಮೊದಲು, ಪತ್ತನಾಜೆಯ ಹೊತ್ತಿಗೆ, ಗಾಡಿಗೆ ಗ್ರೀಸು ಹೊಡೆಸಿ, ಬ್ರೇಕು ನೋಡಿಸಿ, ಅಡಿಗೆ ತುಕ್ಕು ತಡೆಯುವ ಬಣ್ಣ ಬಳಿಸಿ, ಒಂದು ಗಟ್ಟಿ ಹಗ್ಗ, ಒಂದು ಹಾರೆ, ಒಂದು ಟಾರ್ಚು ಒಳಗೆ ಇಟ್ಟುಬಿಡಿ. ಆಟಿಯ ರಾತ್ರಿ ನಿಮ್ಮನ್ನು ದಾಟಿಸುವುದು ಈ ಆರೈಕೆಯೇ.